ಮಂದ್ರದ ತಕರಾರು

1923ರ ಏಪ್ರಿಲ್. ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್ಮಂಡ್ ಎಂಬ ಊರಿನಲ್ಲಿ, ಪಿಯಾನೊ ತಯಾರಿಸುವ ಕಾರ್ಖಾನೆಯೊಂದರ ಆವರಣದೊಳಗೆ ಜೆನೆಟ್ ಕಂಪನಿಯ ರೆಕಾರ್ಡಿಂಗ್ ಕೋಣೆ. ಹತ್ತಿರದಲ್ಲೇ ರೈಲು ಹಳಿ. ಗಾಡಿ ಬಂತೆಂದರೆ ವಾದ್ಯ ಕೆಳಗಿಟ್ಟು ಅದು ಹೋಗುವ ತನಕ ಕಾಯಬೇಕು. ಷಿಕಾಗೊದಿಂದ ಬಂದಿದ್ದ ಕಿಂಗ್ ಆಲಿವರ್ ಅವರ ಜಾಝ್ ತಂಡ ಕಹಳೆಯ ಬಾಯಿಗೆ ಮುಖಮಾಡಿ ನಿಂತಿತ್ತು. ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಕಹಳೆಯೊಳಕ್ಕೆ ನುಗ್ಗಿದ ದನಿ ಆಚೆ ತುದಿಯ ತೆಳು ಪೊರೆಯನ್ನು ಅದುರಿಸಬೇಕು, ಪೊರೆ ಮುಳ್ಳನ್ನು ಅಲುಗಿಸಬೇಕು, ಮುಳ್ಳು ತಿರುಗುವ ಮೇಣದ ತಟ್ಟೆಯ ಮೇಲೆ ಗೀರು ಕೊರೆಯಬೇಕು. ಕಾರ್ನೆಟ್ ಊದುತ್ತಿದ್ದ ಇಪ್ಪತ್ತೊಂದರ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್‌ನ ಉಸಿರು ಬಲು ಜೋರೆಂದು ಅವನನ್ನು ಹಿಂದಕ್ಕೆ ಕಳಿಸಿದರು. ಡ್ರಮ್ಮರ್ ಬೇಬಿ ಡಾಡ್ಸ್ ತಮ್ಮ ದೊಡ್ಡ ಡ್ರಮ್ಮಿನ ಗೊಡವೆ ಬಿಟ್ಟು ಮರದ ತುಂಡುಗಳ ಮೇಲೆ ಟಕಟಕ ತಾಳ ಹಾಕಿದರು. ಆಳೆತ್ತರದ ಡಬಲ್ ಬೇಸ್ ನುಡಿಸುವ ಬಿಲ್ ಜಾನ್ಸನ್ ಅವತ್ತು ಕೈಗೆತ್ತಿಕೊಂಡದ್ದು ಬ್ಯಾಂಜೊ.

ಡ್ರಮ್ಸ್ ಮತ್ತು ಬೇಸ್ ಒಂದನ್ನೊಂದು ತುಳಿಯದಂತೆ ಒಂದೇ ಹಾಡಿನಲ್ಲಿ ಕೂರಿಸುವುದು ಹೇಗೆ ಎಂಬುದು ಇವತ್ತಿಗೂ ಮಿಕ್ಸಿಂಗ್ ಮಾಡುವವರ ನಿತ್ಯದ ಗೋಳು. ರಿಚ್ಮಂಡಿನಲ್ಲಿ ಅದಕ್ಕೆ ಸಿಕ್ಕ ಪರಿಹಾರ ಸುಲಭದ್ದು: ಎರಡನ್ನೂ ಹೊರಗಿಡು.

ಬೇರೆ ದಾರಿಯೂ ಇರಲಿಲ್ಲ ಅನ್ನಿ. ಕಹಳೆಯ ಯಂತ್ರ ಹೆಚ್ಚುಕಡಿಮೆ 250ರಿಂದ 2,500 ಹರ್ಟ್ಸ್ ತನಕದ ದನಿಯನ್ನಷ್ಟೇ ಹಿಡಿಯುತ್ತಿತ್ತು. ಬೇಸ್‌ನ ಅತಿ ದಪ್ಪ ತಂತಿ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕಾಲಿನಿಂದ ಮೆಟ್ಟಿ ಬಾರಿಸುವ ದೊಡ್ಡ ಡ್ರಮ್, ಈಗಿನವರು ಕಿಕ್ ಅನ್ನುವುದು, 50ರಿಂದ 80 ಹರ್ಟ್ಸ್‌ನ ಆಸುಪಾಸಿನಲ್ಲಿ ಗುಮ್ಮೆನ್ನುತ್ತದೆ. ಯಂತ್ರದ ಕಿವಿಗೆ ಇವು ಬೀಳುವುದೇ ಇಲ್ಲ. ಬಿದ್ದರೂ ಸುಖವಿಲ್ಲ: ಬಲವಾದ ಏಟೊಂದು ಬಿತ್ತೆಂದರೆ ಮುಳ್ಳು ಗೀರು ಬಿಟ್ಟು ಹಾರುತ್ತಿತ್ತು, ಮೇಣದ ತಟ್ಟೆ ಹಾಳಾಗುತ್ತಿತ್ತು. ಹೀಗಾಗಿ ಆ ಕಾಲದ ಎಷ್ಟೋ ತಟ್ಟೆಗಳಲ್ಲಿ ಬೇಸ್‌ನ ಕೆಲಸವನ್ನು ಟ್ಯೂಬಾ ಎಂಬ ಊದುವ ವಾದ್ಯ ಮಾಡಿದೆ. ಆ ತಟ್ಟೆಗಳನ್ನಷ್ಟೇ ಕೇಳಿ ಮೊದಲ ಕಾಲದ ಜಾಝ್ ಹೀಗೇ ಇತ್ತು ಅಂದುಕೊಂಡವರು ಮೋಸಹೋದಂತೆ.

1925ರಲ್ಲಿ ಕಹಳೆಯ ಜಾಗಕ್ಕೆ ಮೈಕ್ ಬಂತು. ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡು ವೆಸ್ಟರ್ನ್ ಎಲೆಕ್ಟ್ರಿಕ್ ಹೆಸರಿನಲ್ಲಿ ಬಂದ ವಿದ್ಯುತ್ ರೆಕಾರ್ಡಿಂಗ್ ವಿಧಾನವನ್ನು ವಿಕ್ಟರ್, ಕೊಲಂಬಿಯಾ ಎರಡೂ ಕಂಪನಿಗಳು ಒಪ್ಪಿಕೊಂಡವು. ದನಿಯ ಹರವು ಕೆಳಗೆ ನೂರು ಹರ್ಟ್ಸ್ ತನಕ, ಮೇಲೆ ಐದು ಸಾವಿರದ ತನಕ ಹಿಗ್ಗಿತು. ಹೊರಗೆ ನಿಂತಿದ್ದ ಡ್ರಮ್ಸೂ ಬೇಸೂ ಒಳಗೆ ಬಂದವು. ಜಗಳ ಶುರುವಾದದ್ದು ಆಮೇಲೆ.

ಜಗಳದ ಬೇರು ಎಲ್ಲಿದೆ ಎಂಬುದನ್ನು ಬೆಲ್ ಕಂಪನಿಯ ಬಳಗದವರೇ ಅದಕ್ಕೂ ಒಂದು ವರ್ಷ ಮೊದಲು ಅಳೆದಿಟ್ಟಿದ್ದರು. ವೆಗಲ್ ಮತ್ತು ಲೇನ್ ಎಂಬಿಬ್ಬರು 1924ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಇಷ್ಟು: ಎರಡು ದನಿ ಒಟ್ಟಿಗೆ ಕಿವಿಗೆ ಬಿದ್ದಾಗ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ, ಹತ್ತಿರ ಹತ್ತಿರದ ಕಂಪನಗಳಾದರೆ ಹೆಚ್ಚು, ತಗ್ಗಿನ ದನಿ ತನ್ನ ಮೇಲಿನದನ್ನು ಮುಚ್ಚುವಷ್ಟು ಸಲೀಸಾಗಿ ಮೇಲಿನ ದನಿ ತಗ್ಗಿನದನ್ನು ಮುಚ್ಚಲಾರದು. ಅವರ ಚಿಂತೆ ಇದ್ದದ್ದು ಟೆಲಿಫೋನಿನ ಗದ್ದಲದ ಬಗ್ಗೆ. ಆದರೆ ಬೇಸ್ ಮತ್ತು ಕಿಕ್‌ನ ಜಾತಕವನ್ನೇ ಬರೆದಿಟ್ಟಂತಿದೆ ಆ ಮಾತು. ಬೇಸ್‌ನ ನಾಲ್ಕು ಬಿಡಿ ತಂತಿಗಳು 41, 55, 73, 98 ಹರ್ಟ್ಸ್‌ಗೆ ಶ್ರುತಿಗೊಳ್ಳುತ್ತವೆ. ಕಿಕ್‌ನ ಗುಮ್ಮೂ ಇದೇ ಹೊಲದಲ್ಲೇ. ಅಣ್ಣತಮ್ಮಂದಿರಿಗೆ ಒಂದೇ ಪಹಣಿಯ ಜಮೀನು, ನಡುವೆ ಬದು ಇಲ್ಲ. ಇಬ್ಬರೂ ಜೋರುಮಾಡಿದರೆ ಕೇಳುವವನಿಗೆ ಡ್ರಮ್ಮೂ ತಿಳಿಯದು, ಬೇಸೂ ತಿಳಿಯದು. ಮುಚ್ಚಿದ ಕೋಣೆಯಾಚೆಗೆ ಯಾರೋ ಕಲ್ಲು ಉರುಳಿಸಿದ ಹಾಗೆ ಗುಡುಗುಡು ಮಾತ್ರ.

ಬದು ಹಾಕುವ ಸಲಕರಣೆ ಹುಟ್ಟಿದ್ದು ಸಂಗೀತಕ್ಕೆಂದಲ್ಲ. ಟೆಲಿಫೋನ್ ತಂತಿ ಉದ್ದವಾದಷ್ಟೂ ದನಿಯ ಮೇಲಿನ ಭಾಗ ಸೋರಿಹೋಗುತ್ತದೆ. 1915ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮೊದಲ ಫೋನ್ ಕರೆ ಹೋಯಿತು, ಇಡೀ ಖಂಡ ದಾಟಿ. ಸ್ವಲ್ಪ ಕಾಲದಲ್ಲೇ ರೇಡಿಯೊ ಕೇಂದ್ರಗಳೂ ಟೆಲಿಫೋನ್ ತಂತಿಯನ್ನು ಬಾಡಿಗೆಗೆ ಹಿಡಿದು ಊರಿಂದೂರಿಗೆ ಸಂಗೀತ ಕಳಿಸತೊಡಗಿದವು. ಮಾತು ಮಂಕಾದರೆ ಹೇಗೋ ಅರ್ಥವಾದೀತು, ಪಿಟೀಲು ಮಂಕಾದರೆ ಸಹಿಸುವವರಾರು? ಆಟೊ ಜೋಬೆಲ್ ಮೊದಲಾದ ಇಂಜಿನಿಯರುಗಳು ಸುರುಳಿ, ಕೆಪಾಸಿಟರ್, ರೆಸಿಸ್ಟರ್ ಹೆಣೆದು ಸೋರಿಹೋದದ್ದನ್ನು ಮರಳಿ ತುಂಬುವ ಜಾಲಗಳನ್ನು ಕಟ್ಟಿದರು. ಆ ತುದಿಯಲ್ಲಿ ಹೊಕ್ಕ ದನಿಗೂ ಈ ತುದಿಯಲ್ಲಿ ಬಂದ ದನಿಗೂ ವ್ಯತ್ಯಾಸವಿರಬಾರದು, ಎರಡೂ ಸಮವಾಗಬೇಕು. ಅದಕ್ಕೇ ಈಕ್ವಲೈಸರ್ ಎಂಬ ಹೆಸರು. ಇವತ್ತು ಅದನ್ನು ಬಳಸುವವರೆಲ್ಲ ಮಾಡುವುದು ಅದರ ಉಲ್ಟಾ ಕೆಲಸ, ಸಮವಾಗಿದ್ದದ್ದನ್ನು ಬೇಕೆಂದೇ ಏರುಪೇರು ಮಾಡುವುದು. ಹೆಸರನ್ನು ಬದಲಾಯಿಸುವ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ.

ಆ ಉಲ್ಟಾ ಕೆಲಸ ಮೊದಲು ನಡೆದದ್ದು ಸಿನಿಮಾದಲ್ಲಿ. ಮೂವತ್ತರ ದಶಕದಲ್ಲಿ ಆರ್‌ಸಿಎ ಕಂಪನಿಯ ಜಾನ್ ವೋಕ್‌ಮನ್ ಚಿತ್ರಮಂದಿರದ ದನಿ ಸರಿಪಡಿಸಲು ಬೇಕಾದಂತೆ ಏರಿಳಿಸಬಲ್ಲ ಈಕ್ವಲೈಸರ್ ಬಳಸಿದರು. ಹಾಲಿವುಡ್ಡಿನ ಧ್ವನಿಗ್ರಾಹಕರಿಗೂ ಅದು ಹಿಡಿಸಿತು: ಬೇರೆ ಬೇರೆ ದಿನ ತೆಗೆದ ಎರಡು ಷಾಟ್‌ಗಳಲ್ಲಿ ನಾಯಕನ ಕಂಠ ಒಂದೇ ತೆರನಾಗಿ ಕೇಳಬೇಕಲ್ಲ.

ಇಷ್ಟಾದರೂ ಮಂದ್ರದ ದನಿಗೆ ದೊಡ್ಡ ಅಡ್ಡಗಾಲಾಗಿ ನಿಂತದ್ದು ತಟ್ಟೆಯೇ. ತಗ್ಗು ದನಿ ಕೊರೆಯುವಾಗ ಮುಳ್ಳು ಅಗಲಕ್ಕೆ ಓಲಾಡುತ್ತದೆ. ಕಿಕ್‌ನ ಒಂದೊಂದು ಏಟಿಗೂ ಗೀರು ಪಕ್ಕದ ಗೀರಿನ ಮನೆಗೇ ನುಗ್ಗುವಷ್ಟು ಓಲಾಟ. ಗೀರುಗಳ ನಡುವೆ ಜಾಗ ಬಿಟ್ಟರೆ ತಟ್ಟೆಯಲ್ಲಿ ಹಾಡು ಹಿಡಿಸುವುದಿಲ್ಲ. ಕಂಪನಿಗಳು ಕಂಡುಕೊಂಡ ಉಪಾಯ, ಕೊರೆಯುವಾಗ ಬೇಸ್ ಇಳಿಸಿ ಕೊರೆಯುವುದು, ಕೇಳುವಾಗ ಆಂಪ್ಲಿಫೈಯರ್‌ನಲ್ಲಿ ಅಷ್ಟನ್ನೇ ಏರಿಸಿಕೊಳ್ಳುವುದು. ಎಷ್ಟು ಇಳಿಸಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬೇರೆ ಬೇರೆ ಕಂಪನಿಯ ತಟ್ಟೆ ಹಾಕಿದಾಗಲೆಲ್ಲ ನಾಬ್ ತಿರುಗಿಸಬೇಕಿತ್ತು. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಎಲ್ಲರಿಗೂ ಒಂದೇ ರೇಖೆ ಗೊತ್ತುಮಾಡಿತು. ಅದರಂತೆ 20 ಹರ್ಟ್ಸ್‌ನ ದನಿ ತಟ್ಟೆಯ ಮೇಲೆ ಸುಮಾರು 20 ಡೆಸಿಬೆಲ್ ಕುಗ್ಗಿ ಕೂರುತ್ತದೆ, 20,000 ಹರ್ಟ್ಸ್‌ನದು ಹೆಚ್ಚುಕಡಿಮೆ ಅಷ್ಟೇ ಹಿಗ್ಗಿ ಕೂರುತ್ತದೆ. ಈಗಲೂ ಎಲ್‌ಪಿ ಕೇಳುವವರ ಮನೆಯ ಫೋನೊ ಆಂಪ್ಲಿಫೈಯರ್‌ನೊಳಗೆ ಅದನ್ನು ಸರಿದೂಗಿಸುವ ಈಕ್ವಲೈಸರ್ ಸದ್ದಿಲ್ಲದೆ ದುಡಿಯುತ್ತಿದೆ.

ಅದೇ ದಶಕದ ಶುರುವಿನಲ್ಲಿ, 1951ರಲ್ಲಿ, ಎರಡು ಸಂಗತಿ ನಡೆದವು. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿಯಿಂದ ಬದುಕು ಶುರುಮಾಡಿದ್ದ ಲಿಯೊ ಫೆಂಡರ್ ಹೆಗಲಿಗೆ ನೇತುಹಾಕಿಕೊಂಡು ನುಡಿಸುವ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರ್ ಮಾರುಕಟ್ಟೆಗೆ ತಂದರು. ನ್ಯೂಜೆರ್ಸಿಯಲ್ಲಿ ಯೂಜೀನ್ ಶೆಂಕ್ ಮತ್ತು ಆಲಿ ಸಮ್ಮರ್ಲಿನ್ ಎಂಬಿಬ್ಬರು ಪಲ್ಸ್ ಟೆಕ್ನೀಕ್ಸ್ ಎಂಬ ಸಣ್ಣ ಕಂಪನಿ ಕಟ್ಟಿಕೊಂಡು, ಪಲ್ಟೆಕ್ ಎಂದೇ ಹೆಸರಾದ ಈಕ್ವಲೈಸರ್ ಪೆಟ್ಟಿಗೆಗಳನ್ನು ಮಾಡತೊಡಗಿದರು.

ಪಲ್ಟೆಕ್ ಪೆಟ್ಟಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದನಿಯನ್ನು ತಿದ್ದುವ ಭಾಗದಲ್ಲಿ ಸುರುಳಿ, ಕೆಪಾಸಿಟರ್, ರೆಸಿಸ್ಟರ್‌ಗಳಷ್ಟೇ. ಅಲ್ಲಿ ಸೊರಗಿದ ದನಿಯನ್ನು ಹಿಂದೆ ಕೂತ ವಾಲ್ವ್‌ಗಳು ಮೇಲೆತ್ತುತ್ತವೆ. ಮುಖದ ಎಡಬದಿ ಪೂರ್ತಿ ತಗ್ಗು ದನಿಗೆ ಮೀಸಲು. 20, 30, 60, 100 ಹರ್ಟ್ಸ್ ಎಂದು ಗುರುತು ಹಾಕಿದ ಒಂದು ಸ್ವಿಚ್. ಅದರ ಜೊತೆಗೆ ಏರಿಸುವುದಕ್ಕೊಂದು ನಾಬ್, ಇಳಿಸುವುದಕ್ಕೊಂದು ನಾಬ್. ಒಂದೇ ಕಂಪನವನ್ನು ಏರಿಸಿ ಇಳಿಸಿದರೆ ಬಂದ ಭಾಗ್ಯವೇನು? ಎರಡನ್ನೂ ಒಟ್ಟಿಗೆ ಬಳಸಬೇಡಿ ಎಂದು ಕೈಪಿಡಿಯಲ್ಲೇ ಸೂಚನೆ ಇತ್ತು. ಸ್ಟುಡಿಯೊದವರು ಬಳಸಿದರು. ಏರಿಸುವ ಜಾಲವೂ ಇಳಿಸುವ ಜಾಲವೂ ಒಂದೇ ಜಾಗದಲ್ಲಿ ಕೆಲಸ ಮಾಡುವುದಿಲ್ಲ, ಕೊಂಚ ಆಚೀಚೆ ಇವೆ ಎಂಬುದು ಆಗ ಕಿವಿಗೆ ಬಿತ್ತು. 60ಕ್ಕೆ ಸ್ವಿಚ್ ಇಟ್ಟು ಎರಡೂ ನಾಬ್ ತಿರುಗಿಸಿದರೆ ತಳದಲ್ಲಿ ದಿಬ್ಬ ಏಳುತ್ತದೆ, ಅದರಾಚೆ, ಇನ್ನೂರು ಮುನ್ನೂರು ಹರ್ಟ್ಸ್‌ನ ಕಡೆಗೆ, ಒಂದು ತಗ್ಗು ಬೀಳುತ್ತದೆ. ಕಿಕ್‌ನ ಗುಮ್ಮು ದಪ್ಪಗಾಗುತ್ತದೆ, ಬೇಸ್‌ನ ಮೇಲೆ ಕವಿಯುತ್ತಿದ್ದ ರಾಡಿ ಕರಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಕೆಲಸ. ಮಾಡಬೇಡಿ ಅಂದದ್ದನ್ನು ಮಾಡಿಯೇ ಮಂದ್ರದ ದನಿ ಜಾಗ ಗಿಟ್ಟಿಸಿಕೊಂಡ ಮೊದಲ ಪ್ರಸಂಗ ಇದು; ಕೊನೆಯದಲ್ಲ.

ಫೆಂಡರ್ ಬೇಸ್ ಮಾಡಿದ ಉಪಕಾರ ಇನ್ನೊಂದು ಬಗೆಯದು. ಡಬಲ್ ಬೇಸ್‌ನ ದನಿ ಹಿಡಿಯಲು ಮುಂದೆ ಮೈಕ್ ಇಡಬೇಕು, ಮೈಕ್ ಇಟ್ಟರೆ ಪಕ್ಕದ ಡ್ರಮ್ಸ್ ಸಹ ಅದರೊಳಗೆ ನುಗ್ಗುತ್ತದೆ. ಎಲೆಕ್ಟ್ರಿಕ್ ಬೇಸ್ ಆದರೆ ಆ ತಾಪತ್ರಯವಿಲ್ಲ. ಡೆಟ್ರಾಯಿಟಿನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ ಒಂದು ಮನೆಯಲ್ಲಿ ಮೋಟೌನ್ ಕಂಪನಿಯ ಸ್ಟುಡಿಯೊ ಇತ್ತು. ಅಲ್ಲಿ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರಿನ ತಂತಿಯನ್ನು ನೇರವಾಗಿ ಮಿಕ್ಸರಿಗೇ ಜೋಡಿಸುತ್ತಿದ್ದರು. ಡ್ರಮ್ಸ್ ಒಂದು ಕಡೆಯಿಂದ, ಬೇಸ್ ಇನ್ನೊಂದು ಕಡೆಯಿಂದ ಬಂದಾಗಲೇ ಒಂದನ್ನು ಬಿಟ್ಟು ಇನ್ನೊಂದನ್ನು ತಿದ್ದಲು ಸಾಧ್ಯ. ತಿದ್ದುವುದಕ್ಕೆ ಅಲ್ಲಿನ ಇಂಜಿನಿಯರ್ ಮೈಕ್ ಮೆಕ್‌ಲೀನ್ ಅವರ ಕಾಲದಲ್ಲಿ ಏಳು ಪಟ್ಟಿಯ ಈಕ್ವಲೈಸರ್ ಇತ್ತು. ತಳದ ಮೂರು ಪಟ್ಟಿಗಳು 50, 130, 320 ಹರ್ಟ್ಸ್. ಮಂದ್ರದ ಇಡೀ ವ್ಯಾಜ್ಯ ಆ ಮೂರು ಅಂಕಿಗಳೊಳಗೇ ನಡೆಯುತ್ತದೆ.

ಜೇಮರ್ಸನ್ ತಂತಿ ಮೀಟುತ್ತಿದ್ದದ್ದು ಬಲಗೈಯ ತೋರುಬೆರಳೊಂದರಿಂದ. ಅದಕ್ಕೆ ಕೊಕ್ಕೆ ಎಂದೇ ಹೆಸರು. ತಂತಿ ಹಳತಾದರೂ ಬದಲಿಸುತ್ತಿರಲಿಲ್ಲ. ಹಳೇ ತಂತಿಯ ದನಿಯಲ್ಲಿ ಗಣಗಣ ಕಡಿಮೆ, ತಿರುಳು ಹೆಚ್ಚು. ಅವರ ಬೇಸ್ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತದ್ದರಲ್ಲಿ ಪೆಟ್ಟಿಗೆಯ ಪಾಲೆಷ್ಟು, ಬೆರಳಿನ ಪಾಲೆಷ್ಟು ಎಂದು ಕೇಳಿದರೆ ಬೆರಳಿನದೇ ಹೆಚ್ಚು ಅನ್ನಬೇಕಾಗುತ್ತದೆ. ಅಂಥವರ ಹೆಸರು ಎಷ್ಟೋ ವರ್ಷ ತಟ್ಟೆಯ ಲಕೋಟೆಯ ಮೇಲೆ ಬರಲೇ ಇಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಆಲ್ಬಮ್ ವಾದಕರ ಹೆಸರುಗಳ ಸಮೇತ ಬಂದಾಗ ಆ ಕೊರತೆ ಒಂದಿಷ್ಟು ತೀರಿತು.

ಅಟ್ಲಾಂಟಿಕ್‌ನ ಈಚೆ ದಡದಲ್ಲಿ ಬೀಟಲ್ಸ್ ತಂಡಕ್ಕೆ ಹೊಟ್ಟೆಕಿಚ್ಚು. ಅಮೆರಿಕದ ತಟ್ಟೆಗಳಲ್ಲಿ ಬರುವ ಬೇಸ್ ನಮ್ಮ ತಟ್ಟೆಗಳಲ್ಲಿ ಯಾಕಿಲ್ಲ? ಇಎಂಐ ಕಂಪನಿಯ ಅಬ್ಬೆ ರೋಡ್ ಸ್ಟುಡಿಯೊ ಆಸ್ಪತ್ರೆಯಷ್ಟು ಶಿಸ್ತಿನ ಜಾಗ. ಅಲ್ಲಿನ ಮಿಕ್ಸರಿನ ಒಂದೊಂದು ಚಾನೆಲ್ಲಿಗೆ ಇದ್ದದ್ದು ಬೇಸ್, ಟ್ರೆಬಲ್ ಎಂಬ ಎರಡೇ ನಾಬ್. ತಟ್ಟೆ ಕೊರೆಯುವ ವಿಭಾಗದವರಿಗಂತೂ ತಗ್ಗು ದನಿ ಎಂದರೆ ದುಃಸ್ವಪ್ನ: ಗಿರಾಕಿಯ ಮನೆಯಲ್ಲಿ ಮುಳ್ಳು ಹಾರಿದರೆ ತಟ್ಟೆ ಅಂಗಡಿಗೆ ವಾಪಸ್ ಬರುತ್ತದೆ. 1966ರ ಏಪ್ರಿಲಿನಲ್ಲಿ ಇಪ್ಪತ್ತು ವರ್ಷದ ಜೆಫ್ ಎಮರಿಕ್ ಈ ತಂಡದ ಇಂಜಿನಿಯರಾಗಿ ಕೂತರು. ‘ಪೇಪರ್‌ಬ್ಯಾಕ್ ರೈಟರ್’ ಹಾಡಿಗೆ ಪಾಲ್ ಮೆಕಾರ್ಟ್ನಿ ರಿಕನ್‌ಬ್ಯಾಕರ್ ಬೇಸ್ ಎತ್ತಿಕೊಂಡರು. ಎಮರಿಕ್ ಅದರ ಸ್ಪೀಕರಿನೆದುರು ಮೈಕಿನ ಬದಲು ಇನ್ನೊಂದು ದೊಡ್ಡ ಸ್ಪೀಕರನ್ನು ತಂದು ನಿಲ್ಲಿಸಿದರು. ಸ್ಪೀಕರಿನ ಕಾಗದದ ಶಂಕುವನ್ನು ದನಿ ಅಲುಗಿಸಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟಲೇಬೇಕಲ್ಲ. ಮೈಕಿನ ಕೆಲಸವೂ ಅದೇ ತಾನೆ. ಅಷ್ಟು ಅಗಲದ ಪೊರೆ ತಗ್ಗು ದನಿಯನ್ನು ಬಾಚಿಕೊಂಡಿತು. ಕೊರೆಯುವ ಹೊತ್ತಿಗೆ ಮುಳ್ಳಿನ ಅತಿಯಾದ ಓಲಾಟಕ್ಕೆ ತಾನೇ ಲಗಾಮು ಹಾಕುವ ಹೊಸ ಸಲಕರಣೆಯೂ ಇಎಂಐನಲ್ಲಿ ಸಿದ್ಧವಾಗಿತ್ತು.

ಡ್ರಮ್ಸ್ ಕಡೆಯ ಕಥೆ ಇನ್ನೂ ಚೆಂದ. ಮೈಕನ್ನು ಡ್ರಮ್ಮಿಗೆ ತೀರ ಹತ್ತಿರ ಇಡಬಾರದೆಂಬುದು ಅಲ್ಲಿನ ಕಟ್ಟಳೆ. ಗಾಳಿಯ ಹೊಡೆತಕ್ಕೆ ದುಬಾರಿ ಮೈಕ್ ಹಾಳಾದೀತು ಎಂಬ ಅಂಜಿಕೆ. ಎಮರಿಕ್ ಮೈಕನ್ನು ಕಿಕ್‌ನ ಮೂತಿಗೇ ಸರಿಸಿದರು. ತಂಡದ ಬಳಿ ಬಿದ್ದಿದ್ದ ಒಂದು ಉಣ್ಣೆಯ ಸ್ವೆಟರನ್ನು ರಿಂಗೊ ಸ್ಟಾರ್ ಅವರ ಡ್ರಮ್ಮಿನೊಳಕ್ಕೆ ತುರುಕಿದರು. ‘ಗುಮ್ಮ್‌ಮ್’ ಎಂದು ಎಳೆಯುತ್ತಿದ್ದದ್ದು ‘ಧಬ್’ ಎಂದು ನಿಂತಿತು. ಡ್ರಮ್ಮಿನ ಬಾಲ ಕತ್ತರಿಸಿದ ಮೇಲೆ ಉಳಿದ ಜಾಗವೆಲ್ಲ ಬೇಸ್‌ನದು. ಯಾವ ನಾಬನ್ನೂ ಮುಟ್ಟದೆ ಮಾಡಿದ ಈಕ್ವಲೈಸರ್ ಕೆಲಸ ಇದು.

ಈ ಸ್ವೆಟರಿನ ಪ್ರಸಂಗ ಓದುವ ಕನ್ನಡಿಗರಿಗೆ ಮೃದಂಗದ ನೆನಪಾಗದೆ ಇರದು. ಕಛೇರಿಗೆ ಮುಂಚೆ ವಿದ್ವಾಂಸರು ಎಡಬದಿಯ ತೊಪ್ಪಿಗೆ ರವೆ ಕಲಸಿ ಮೆತ್ತುತ್ತಾರೆ, ತೂಕ ಬಿದ್ದು ದನಿ ಮಂದ್ರಕ್ಕಿಳಿಯುತ್ತದೆ. ಬಲಬದಿಯ ಕಪ್ಪು ಕರಣೆಯ ಕರಾಮತ್ತು ಇನ್ನೂ ಸೂಕ್ಷ್ಮ. ಸಾಮಾನ್ಯ ಡ್ರಮ್ಮಿನ ಚರ್ಮದಲ್ಲಿ ಏಳುವ ಮೇಲಿನ ಕಂಪನಗಳಿಗೂ ತಳದ ಕಂಪನಕ್ಕೂ ಸ್ವರದ ನಂಟಿಲ್ಲ, ಅದಕ್ಕೇ ಅದು ಸದ್ದಾಗುತ್ತದೆಯೇ ಹೊರತು ಸ್ವರವಾಗುವುದಿಲ್ಲ. ಕರಣೆಯ ಭಾರ ಆ ಕಂಪನಗಳನ್ನು ಎರಡರಷ್ಟು, ಮೂರರಷ್ಟು ಎಂಬ ಲೆಕ್ಕಕ್ಕೆ ತಂದು ಕೂರಿಸುತ್ತದೆ. ಇದನ್ನು ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆಗೂಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಅಲ್ಲಿ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮತ್ತಷ್ಟು ವಿಸ್ತರಿಸಿದರು. ಶ್ರುತಿಗೆ ನಿಂತ ಡ್ರಮ್ ಪಕ್ಕದ ವಾದ್ಯದ ಜೊತೆ ಜಗಳಕ್ಕಿಳಿಯುವುದು ಕಡಿಮೆ. ಪಾಶ್ಚಾತ್ಯ ಡ್ರಮ್ಸಿಗೆ ಆ ಸಂಸ್ಕಾರವಿಲ್ಲದ್ದರಿಂದಲೇ ಅವರ ಸ್ಟುಡಿಯೊಗಳಲ್ಲಿ ಕಂಬಳಿ, ದಿಂಬು, ಸ್ವೆಟರುಗಳಿಗೆ ಅಷ್ಟು ಬೇಡಿಕೆ.

ಸ್ಟೀರಿಯೊ ಬಂದು ಜಗಳ ತಗ್ಗಬೇಕಿತ್ತು. ಡ್ರಮ್ಸನ್ನು ಎಡಕ್ಕೆ, ಬೇಸನ್ನು ಬಲಕ್ಕೆ ಹಾಕಿದರೆ ಮುಗಿಯಿತಲ್ಲ? ತಟ್ಟೆ ಮತ್ತೆ ಅಡ್ಡಬಂತು. ಸ್ಟೀರಿಯೊ ತಟ್ಟೆಯಲ್ಲಿ ಎಡಬಲಗಳ ವ್ಯತ್ಯಾಸ ಮುಳ್ಳಿನ ಮೇಲುಕೆಳಗಿನ ಚಲನೆಯಾಗಿ ಬರುತ್ತದೆ. ಭಾರಿ ತಗ್ಗು ದನಿಯನ್ನು ಒಂದೇ ಬದಿಗೆ ತಳ್ಳಿದರೆ ಗೀರು ಕೆಲವೆಡೆ ತೀರ ಆಳ, ಕೆಲವೆಡೆ ಇಲ್ಲವೇ ಇಲ್ಲ ಎಂಬಷ್ಟು ತೆಳು. ಮುಳ್ಳು ಎದ್ದು ಹೋಗುತ್ತದೆ. ಹಾಗಾಗಿ ಕಿಕ್ಕೂ ಬೇಸೂ ನಟ್ಟನಡುವೆ ಕೂತವು. ತಟ್ಟೆಯ ಕಾಲ ಕಳೆದರೂ ಅವು ಅಲ್ಲಿಂದ ಏಳಲಿಲ್ಲ. ಗಿಟಾರು, ಕೀಬೋರ್ಡುಗಳನ್ನು ಆಚೀಚೆ ಸರಿಸಿ ಬಿಡಿಸಬಹುದು. ಇವೆರಡನ್ನು ಬಿಡಿಸಲು ಉಳಿದ ಮುಖ್ಯ ಹತಾರ ಈಕ್ವಲೈಸರ್. ಮಿಕ್ಸಿಂಗ್ ಕಲಿಯುವವರಿಗೆ ಮೊದಲ ಪಾಠವಾಗಿ ಇದನ್ನೇ ಹೇಳಿಕೊಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಲ್ಲಿಯತನಕದ ಪೆಟ್ಟಿಗೆಗಳಲ್ಲಿ ಒಂದು ಕೊರತೆಯಿತ್ತು. 60 ಅಥವಾ 100, ನಡುವಿನದು ಬೇಕೆಂದರೆ ಇಲ್ಲ. ಹಾಡಿನ ಶ್ರುತಿಗೆ ತಕ್ಕಂತೆ ಬೇಸ್‌ನ ತಾಣ ಸರಿಯುತ್ತಲೇ ಇರುತ್ತದೆ. ಪೆಟ್ಟಿಗೆ ಮಾತ್ರ ಹಾಕಿದ ಗೂಟ ಬಿಟ್ಟು ಕದಲುವುದಿಲ್ಲ. 1972ರಲ್ಲಿ ಜಾರ್ಜ್ ಮ್ಯಾಸನ್‌ಬರ್ಗ್ ಎಂಬ ಯುವಕ ಆಡಿಯೊ ಇಂಜಿನಿಯರುಗಳ ಸಮಾವೇಶದಲ್ಲಿ ಒಂದು ಪ್ರಬಂಧ ಮಂಡಿಸಿದರು. ಅದರಲ್ಲಿ ಪ್ಯಾರಾಮೆಟ್ರಿಕ್ ಈಕ್ವಲೈಸರ್ ಎಂಬ ಹೆಸರು ಬಂತು. ಯಾವ ಕಂಪನ, ಎಷ್ಟು ಏರಿಳಿತ, ಎಷ್ಟು ಅಗಲ, ಮೂರಕ್ಕೂ ಬೇರೆ ಬೇರೆ ನಾಬ್, ಯಾವುದಕ್ಕೂ ಗೂಟವಿಲ್ಲ. ಆ ಹೊತ್ತಿಗೆ ಬೇರೆಯವರೂ ಇದೇ ಜಾಡಿನಲ್ಲಿದ್ದರು. ಹೆಸರು ನಿಂತದ್ದು ಮ್ಯಾಸನ್‌ಬರ್ಗ್ ಅವರದು. ಮುಂದೆ ಅವರು ಅರ್ಥ್ ವಿಂಡ್ ಅಂಡ್ ಫೈರ್ ತಂಡದ ಇಂಜಿನಿಯರ್ ಆದರು. ಅಷ್ಟೊಂದು ವಾದ್ಯಗಳ ನಡುವೆಯೂ ಆ ತಂಡದ ಹಾಡುಗಳಲ್ಲಿ ಕಿಕ್‌ನ ಹೆಜ್ಜೆ, ಬೇಸ್‌ನ ನಡೆ ಬೇರೆ ಬೇರೆಯಾಗಿ ಎಣಿಸುವಷ್ಟು ಸ್ಪಷ್ಟ.

ಇವತ್ತು ಎಲ್ಲ ಸ್ಟುಡಿಯೊಗಳಲ್ಲಿ ನಡೆಯುವ ಕೊಡುಕೊಳ್ಳುವಿಕೆ ಈ ಮೂರು ನಾಬ್‌ಗಳ ಫಲ. ಕಿಕ್‌ಗೆ 60ರಲ್ಲಿ ಎರಡು ಮೂರು ಡೆಸಿಬೆಲ್ ಏರಿಸಿದರೆ, ಬೇಸ್‌ನಲ್ಲಿ ಅದೇ 60ನ್ನು ಅಷ್ಟೇ ಇಳಿಸುತ್ತಾರೆ. ಬೇಸ್‌ಗೆ ನೂರರ ಆಸುಪಾಸು ಬಿಟ್ಟುಕೊಟ್ಟು ಕಿಕ್‌ನಲ್ಲಿ ಅದನ್ನು ಕೆತ್ತುತ್ತಾರೆ. ಕಿಕ್‌ನ 300-400ರ ರಟ್ಟಿನ ಡಬ್ಬದ ಸದ್ದು ಯಾರಿಗೂ ಬೇಡವಾದ್ದರಿಂದ ಮುಲಾಜಿಲ್ಲದೆ ತೆಗೆಯುತ್ತಾರೆ. ಬಡಿಗೆ ಚರ್ಮಕ್ಕೆ ತಾಕುವ ‘ಟಿಕ್’ ಮೂರು ಸಾವಿರ ಹರ್ಟ್ಸ್‌ನ ಮೇಲುಕೆಳಗೆ ಸಿಗುತ್ತದೆ. ಅದನ್ನೊಂದಿಷ್ಟು ಏರಿಸಿದರೆ ಕಿಕ್‌ನ ತಳದ ಗುಮ್ಮು ಕಡಿಮೆಯಿದ್ದರೂ ಕಿವಿ ಇದೆ ಎಂದೇ ನಂಬುತ್ತದೆ. ಯಾವುದನ್ನಾದರೂ ಹೆಚ್ಚಿಸುವ ಮುಂಚೆ ಅದರ ಎದುರಾಳಿಯನ್ನು ಇಳಿಸಿ ನೋಡು ಎಂಬುದು ಕಸುಬಿನವರ ಮಾತು.

ಜಮೈಕಾದ ಕಿಂಗ್ಸ್ಟನ್ನಿನಲ್ಲಿ ಒಬ್ಬರು ಈ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಆಸ್ಬರ್ನ್ ರಡ್ಡಕ್, ಊರಿಗೆಲ್ಲ ಕಿಂಗ್ ಟಬ್ಬಿ. ಕಸುಬು ರೇಡಿಯೊ ರಿಪೇರಿ, ಬೀದಿಯ ಮೈಕ್‌ಸೆಟ್. ವಾಟರ್‌ಹೌಸ್ ಎಂಬ ಬಡ ಬಡಾವಣೆಯ ಮನೆಯಲ್ಲೇ ಸ್ಟುಡಿಯೊ. ಎಪ್ಪತ್ತರ ದಶಕದ ಶುರುವಿನಲ್ಲಿ ಡೈನಾಮಿಕ್ ಸ್ಟುಡಿಯೊದವರು ಹಳೆಯದೆಂದು ಕೈಬಿಟ್ಟ ಮಿಕ್ಸರೊಂದನ್ನು ಟಬ್ಬಿ ಕೊಂಡುತಂದರು. ಅದರಲ್ಲೊಂದು ದೊಡ್ಡ ನಾಬ್‌ನ ಫಿಲ್ಟರ್ ಇತ್ತು, 70ರಿಂದ 7,500 ಹರ್ಟ್ಸ್ ತನಕ ಮೆಟ್ಟಿಲು ಮೆಟ್ಟಿಲಾಗಿ ತಿರುಗುವಂಥದ್ದು. ಒಂದೊಂದು ಮೆಟ್ಟಿಲಿಗೂ ಅದರ ಕೆಳಗಿನ ದನಿಯೆಲ್ಲ ಕಡಿದುಹೋಗುತ್ತದೆ. ಸ್ಟುಡಿಯೊದವರು ಗುಯ್‌ಗುಡುವ ಸದ್ದು ತೆಗೆಯಲು ಒಮ್ಮೆ ಹೊಂದಿಸಿ ಮರೆತುಬಿಡುವ ಸಲಕರಣೆ ಅದು. ಟಬ್ಬಿ ಅದನ್ನು ಹಾಡು ಓಡುತ್ತಿರುವಾಗಲೇ ವಾದ್ಯದ ಹಾಗೆ ನುಡಿಸಿದರು. ಮೆಟ್ಟಿಲು ಹತ್ತುತ್ತ ಡ್ರಮ್ಸ್‌ನ ಹೈ-ಹ್ಯಾಟ್ ತಾಳ ತಗಡಿನ ಚಿಟಿಚಿಟಿಯಾಗುತ್ತದೆ, ಇಡೀ ಹಾಡು ತೆಳುವಾಗಿ ಗಾಳಿಗೆ ತೇಲುತ್ತದೆ, ನಾಬ್ ಸರ್ರನೆ ಹಿಂದಕ್ಕೆ ಬಂದಾಗ ಬೇಸ್ ಎದೆಗೆ ಬಡಿಯುತ್ತದೆ. ಗಾಯಕನನ್ನೂ ಗಿಟಾರನ್ನೂ ಹೊರಗೆ ಕಳಿಸಿ, ಡ್ರಮ್ಸ್ ಮತ್ತು ಬೇಸ್ ಎರಡನ್ನೇ ಉಳಿಸಿದ ಈ ಬಗೆಗೆ ಡಬ್ ಎಂದು ಹೆಸರು ಬಂತು. ರಿಚ್ಮಂಡಿನಲ್ಲಿ ಹೊರಬಿದ್ದಿದ್ದ ಜೋಡಿ ಐವತ್ತು ವರ್ಷದಲ್ಲಿ ಮನೆಗೇ ಯಜಮಾನರಾದರು. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಡ್ರಮ್ ಅಂಡ್ ಬೇಸ್ ಎಂಬ ಕುಣಿತದ ಸಂಗೀತ ಈ ವಂಶದ್ದೇ.

ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಬದು ಅಗಲವಾದದ್ದು ಒಂದು ಆಕಸ್ಮಿಕದಿಂದ. ಟಾಮ್ ಮೌಲ್ಟನ್ ಎಂಬ ಮಿಕ್ಸಿಂಗ್ ಕಲಾವಿದ ಒಂದು ಹಾಡನ್ನು ಮಾದರಿ ತಟ್ಟೆಗೆ ಕೊರೆಸಲು ಹೋದಾಗ ಏಳಿಂಚಿನ ತಟ್ಟೆ ಮುಗಿದಿತ್ತು, ಹತ್ತಿಂಚಿನದು ಮಾತ್ರ ಉಳಿದಿತ್ತು. ಅಷ್ಟಗಲದ ತಟ್ಟೆಯಲ್ಲಿ ಹಾಡು ಒಂದು ಅಂಚಿಗೆ ಮುದುಡಿ ಕೂತರೆ ಚೆನ್ನಾಗಿರುವುದಿಲ್ಲವೆಂದು ಗೀರುಗಳನ್ನು ಅಗಲಿಸಿ, ದನಿ ಹೆಚ್ಚಿಸಿ ಕೊರೆಸಿದರು. ಮುಳ್ಳಿಗೆ ಓಲಾಡಲು ಜಾಗ ಸಿಕ್ಕಿತು, ಬೇಸ್‌ಗೆ ಜೀವ ಬಂತು. ಅದೇ ಜಾಡಿನಲ್ಲಿ 1976ರಲ್ಲಿ ಸಾಲ್‌ಸೌಲ್ ಕಂಪನಿ ಹನ್ನೆರಡಿಂಚಿನ ಸಿಂಗಲ್ ಅಂಗಡಿಗೆ ಬಿಟ್ಟಿತು.

ಕನ್ನಡ ಸಿನಿಮಾ ಹಾಡುಗಳು ಆಗ ಬಹುಪಾಲು ಮದರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ಬೇಸ್ ಗಿಟಾರ್ ಬರೀ ಹಿನ್ನೆಲೆಯ ಗುಂಯ್‌ಕಾರವಲ್ಲ, ಅದೂ ತನ್ನದೊಂದು ರಾಗ ಹಾಡಬಲ್ಲದು ಎಂದು ಕನ್ನಡದ ಕಿವಿಗಳಿಗೆ ಮನವರಿಕೆ ಮಾಡಿದವರಲ್ಲಿ ಇಳಯರಾಜ ಅವರ ಹೆಸರು ಮುಂದೆ ಬರುತ್ತದೆ; 1981ರ ‘ಗೀತಾ’ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಚಿತ್ರದ ನಿರ್ದೇಶಕ ಶಂಕರ್ ನಾಗ್ ಮುಂದೆ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೊ ಕಟ್ಟಿದರು. ಇತ್ತ ಕ್ಯಾಸೆಟ್ ಯುಗದಲ್ಲಿ ಈಕ್ವಲೈಸರ್ ಎಂಬ ಪದ ಸ್ಟುಡಿಯೊ ಬಿಟ್ಟು ಬಸ್ಸು, ಟೆಂಪೊ, ಹೋಟೆಲಿನ ಗಲ್ಲಾಪೆಟ್ಟಿಗೆ ತನಕ ಬಂತು. ಸಾಲಾಗಿ ಐದು ಗುಂಡಿ, ನಡುವಿನದು ಕೆಳಗೆ, ಎರಡು ತುದಿಯವು ಮೇಲೆ. ಚಾಲಕರೆಲ್ಲ ಹೀಗೆ ಹಳ್ಳದ ಆಕಾರದಲ್ಲೇ ಜೋಡಿಸುತ್ತಿದ್ದದ್ದು ಬರೀ ಷೋಕಿಗಲ್ಲ. ದನಿ ಸಣ್ಣದಿದ್ದಾಗ ಕಿವಿ ತಗ್ಗು ಸ್ವರಗಳಿಗೆ ಮಂದವಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು.

ಆ ಅಳತೆ ಮಿಕ್ಸಿಂಗ್ ಮಾಡುವವರಿಗೂ ತಲೆನೋವು. ಜೋರಾಗಿ ಕೇಳುತ್ತ ಹದಮಾಡಿದ ಬೇಸ್ ಮನೆಯಲ್ಲಿ ಮೆಲ್ಲಗೆ ಹಾಕಿದಾಗ ಮಾಯವಾಗುತ್ತದೆ. ಅದಕ್ಕೇ ಮೋಟೌನ್‌ನವರು ಕಾರಿನ ರೇಡಿಯೊದ ಸ್ಪೀಕರಿನಂಥ ಚಿಕ್ಕ ಸ್ಪೀಕರಿನಲ್ಲಿ ಕೇಳಿ ಪಾಸು ಮಾಡುತ್ತಿದ್ದರು. 1978ರಲ್ಲಿ ಬಂದ ಯಮಾಹಾ ಎನ್‌ಎಸ್-10 ಎಂಬ ಸ್ಪೀಕರಿನ ಬಿಳಿ ಶಂಕು ಆಮೇಲೆ ಹೆಚ್ಚುಕಡಿಮೆ ಎಲ್ಲ ಸ್ಟುಡಿಯೊಗಳ ಫೋಟೊಗಳಲ್ಲೂ ಕಾಣುತ್ತದೆ. ಅದರಲ್ಲಿ ತಗ್ಗು ದನಿ ಕಡಿಮೆ, ನಡುವಿನದು ಕರ್ಕಶ. ಇದರಲ್ಲೇ ಚೆನ್ನಾಗಿ ಕೇಳಿದರೆ ಎಲ್ಲಿಯೂ ಚೆನ್ನಾಗಿ ಕೇಳುತ್ತದೆಂಬ ನಂಬಿಕೆ. ಮೇಲಿನ ದನಿ ಚುಚ್ಚುತ್ತದೆಂದು ಅದರ ಟ್ವೀಟರಿನ ಮುಂದೆ ಟಿಷ್ಯೂ ಕಾಗದ ಅಂಟಿಸಿಕೊಂಡವರೂ ಇದ್ದರು. ಅದೂ ಒಂದು ಈಕ್ವಲೈಸರೇ.

ಈ ನಡುವೆ ಜಗಳ ಒಂದು ಕಡೆಯಲ್ಲಿ ತಾನಾಗಿಯೇ ಮುಗಿದುಹೋಯಿತು. ಜಪಾನಿನ ರೋಲೆಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರ ತಂದಿತು. ಅದರ ಕಿಕ್ ನಿಜವಾದ ಡ್ರಮ್ಮಿನಂತಿಲ್ಲವೆಂದು ಆಡಿಕೊಂಡವರೇ ಹೆಚ್ಚು. ಕೆಲವೇ ವರ್ಷಕ್ಕೆ ತಯಾರಿಕೆ ನಿಂತಿತು. ಯಂತ್ರಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಬಂದು ಅಗ್ಗವಾದಾಗ ಹಿಪ್-ಹಾಪ್ ಹುಡುಗರ ಕೈಗೆ ಸಿಕ್ಕವು. ಅದರ ಕಿಕ್‌ಗೆ ಬಾಲ ಉದ್ದ ಮಾಡುವ ಒಂದು ನಾಬ್ ಇತ್ತು. ಪೂರ್ತಿ ತಿರುಗಿಸಿದರೆ ಏಟು ಏಟಾಗಿ ಮುಗಿಯದೆ ಸ್ವರವಾಗಿ ಹರಿಯುತ್ತದೆ. ಎಮರಿಕ್ ಸ್ವೆಟರ್ ತುರುಕಿ ಕತ್ತರಿಸಿದ್ದ ಬಾಲವನ್ನೇ ಇವರು ಎಳೆದೆಳೆದು ಬೆಳೆಸಿದರು. ಅದನ್ನು ಹಾಡಿನ ಶ್ರುತಿಗೆ ಕೂರಿಸಿದರೆ ಡ್ರಮ್ಮೂ ಅದೇ, ಬೇಸೂ ಅದೇ. ಈಗಿನ ಕನ್ನಡ ರ‍್ಯಾಪ್ ಹಾಡುಗಳಲ್ಲೂ ಕಾರಿನ ಗಾಜು ಅದುರಿಸುವುದು ಇದೇ ವಂಶದ ದನಿ. ಪಾಲು ಕೇಳಲು ಎರಡನೆಯವನೇ ಇಲ್ಲದ ಮೇಲೆ ಬದು ಎಲ್ಲಿಗೆ?

ಈಕ್ವಲೈಸರ್ ಮಾತ್ರ ನಿರುದ್ಯೋಗಿಯಾಗಲಿಲ್ಲ. 1992ರಲ್ಲಿ ಇಸ್ರೇಲಿನ ವೇವ್ಸ್ ಕಂಪನಿ ಕ್ಯೂ10 ಎಂಬ ಸಾಫ್ಟ್‌ವೇರ್ ಈಕ್ವಲೈಸರ್ ತಂದಿತು. ಆಮೇಲೆ ಪಲ್ಟೆಕ್ ಪೆಟ್ಟಿಗೆಯ ನಕಲುಗಳೂ ಕಂಪ್ಯೂಟರಿನೊಳಗೆ ಬಂದವು, ಅದೇ ನಾಬುಗಳ ಚಿತ್ರ ಸಮೇತ. ಕೈಪಿಡಿ ಬೇಡವೆಂದಿದ್ದ ಆ ಹಳೇ ಉಪಾಯವನ್ನು ಈಗ ಪಲ್ಟೆಕ್ ಟ್ರಿಕ್ ಎಂದು ಹೆಸರಿಟ್ಟೇ ಕಲಿಸುತ್ತಾರೆ. ಹಾಡು ಮುಗಿದ ಮೇಲೆ ಇಂಜಿನಿಯರ್ ದೊಡ್ಡ ಸ್ಪೀಕರ್ ಆರಿಸಿ ಹಾಡನ್ನು ಮೊಬೈಲಿಗೆ ಹಾಕಿಕೊಳ್ಳುತ್ತಾರೆ, ಮೇಜಿನ ಮೇಲೆ ಮಲಗಿಸಿ ಕೇಳುತ್ತಾರೆ. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರಿಗೆ 50 ಹರ್ಟ್ಸ್ ಎಂಬುದು ಲೋಕದಲ್ಲೇ ಇಲ್ಲ. ಆದರೆ 100, 150, 200 ಎಂದು ಅದರ ಮೇಲಿನ ಮೆಟ್ಟಿಲುಗಳು ಒಂದಿಷ್ಟು ಕೇಳಿಸಿದರೂ ಸಾಕು, ಕೆಳಗಿನ ಮೆಟ್ಟಿಲನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಸ್‌ನ ಎಂಟುನೂರು, ಸಾವಿರ ಹರ್ಟ್ಸ್‌ನ ಜಾಗವನ್ನು ಒಂದೆರಡು ಡೆಸಿಬೆಲ್ ಏರಿಸಿ, ಮತ್ತೆ ಮೊಬೈಲಿಗೆ ಹಾಕಿ, ಇನ್ನೊಮ್ಮೆ ಕೇಳುತ್ತಾರೆ.